ಅಣ್ಣನ ಹೊಟ್ಟೆ ನೀವಿದ ಬೆಳಿಗ್ಗೆ

ಅಣ್ಣ ಸತ್ತದ್ದು ನಿಮ್ಮ ಕೈಯಿಂದ ಎಂದು ವಠಾರವೆಲ್ಲ ಆಡಿಕೊಂಡಾಗ, ನೀವೂ ಅದನ್ನೇ ನಂಬಿದಾಗ, ನಾನು ಸುಮ್ಮನಿದ್ದೆ ಅತ್ತಿಗೆ. ಆ ಕೈಯನ್ನು ತಡೆಯಬೇಕಾಗಿದ್ದವನು ನಾನು — ಏಕೆ ತಡೆಯಬೇಕೆಂದು ನನಗೊಬ್ಬನಿಗೇ ಗೊತ್ತಿತ್ತು.

ಶಿವಮೊಗ್ಗದ ಡಾಕ್ಟರ ಬಳಿ ಅಣ್ಣನನ್ನು ಕರೆದೊಯ್ದವನು ನಾನೇ. ನಾನು ಬಿ.ಎಸ್ಸಿ. ಓದಿದವನೆಂದು ತಿಳಿದು ಅವರು ಸ್ಟೆತಾಸ್ಕೋಪನ್ನು ನನ್ನ ಕಿವಿಗಿಟ್ಟರು. ಬಲಪಕ್ಕೆಯ ಕೆಳಗಿನ ಗಡ್ಡೆಯಲ್ಲಿ ರಕ್ತ ಸೊಂಯ್ಯೆಂದು ನುಗ್ಗುತ್ತಿತ್ತು. ಆಮೇಲೆ ಅಣ್ಣನನ್ನು ಹೊರಗೆ ಕೂರಿಸಿ ಹೇಳಿದರು:

“ಲಿವರ್‌ಗೆ ಹೆಚ್ಚಿನ ರಕ್ತ ಕರುಳಿನ ಕಡೆಯಿಂದ ಬರುತ್ತೆ. ಈ ಕ್ಯಾನ್ಸರ್ ಗಡ್ಡೆ ಮಾತ್ರ ಹೃದಯದಿಂದ ಬರೋ ನಾಳಕ್ಕೇ ಬಾಯಿ ಹಾಕಿದೆ. ಅದನ್ನ ಕುಡಿದೇ ಬೆಳೀತಿದೆ, ರಕ್ತದ ಜೊತೆ ಶ್ವಾಸಕೋಶಕ್ಕೂ ಹೋಗಿರಬಹುದು. ಯಾರೂ ಅದುಮಬಾರದು ನೋಡಿ. ಒಡೆದರೆ ಒಳಗೇ ಸೋರಿಹೋಗುತ್ತೆ.”

ಭದ್ರಾವತಿಗೆ ಬಂದು, “ಲಿವರ್ ಊದಿದೆ, ಪಥ್ಯ ಮಾಡಬೇಕಂತೆ” ಎಂದಷ್ಟೇ ಹೇಳಿದೆ. ಆ ರೋಗ ವಂಶಕ್ಕೇ ಅಂಟಿದ್ದೆಂದು ಜನ ಹೆದರುತ್ತಿದ್ದರು. ಹೊಳೆಹೊನ್ನೂರಿನ ಹೆಣ್ಣಿನ ಕಡೆಯವರು ನನ್ನನ್ನು ಒಪ್ಪಿ ಹೋಗಿ ಎಂಟು ದಿನವಾಗಿತ್ತು. ಮದುವೆಯೊಂದು ಆಗಿಬಿಡಲಿ, ಆಮೇಲೆ ಹೇಳಿದರಾಯಿತು — ಹೀಗೆ ಯೋಚಿಸಿದೆ, ಬಸ್ಸಿನಲ್ಲಿ, ಅಣ್ಣನ ಪಕ್ಕದಲ್ಲೇ ಕುಳಿತು.

ಕಾರ್ಖಾನೆಯ ವಠಾರದಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಹೊಕ್ಕುಳ ಬಟ್ಟಿ ಜಾರಿದೆಯೆಂದು ನಿಮ್ಮ ಬಳಿಗೇ ಬರುತ್ತಿದ್ದರು. ನೀವು ಹರಳೆಣ್ಣೆ ಹಚ್ಚಿ, ನೀವಿ, ಅದನ್ನು ಜಾಗಕ್ಕೆ ತರುತ್ತಿದ್ದಿರಿ. ಆ ಭಾನುವಾರ ಬೆಳಿಗ್ಗೆ, ನೋವೆಂದ ಅಣ್ಣನನ್ನೂ ಚಾಪೆಯ ಮೇಲೆ ಮಲಗಿಸಿದಿರಿ.

“ಏನ್ ಮಾರಾಯ, ಬಿ.ಎಸ್ಸಿ. ಮಾಡಿದೋನಿಗೆ ಎಣ್ಣೆ ಬೆಚ್ಚಗೆ ಮಾಡೋಕೂ ಬರಲ್ವಾ? ಬೇಗ ತಾ!” ಎಂದು ನನ್ನನ್ನು ಕೂಗಿದಿರಿ.

“ವಠಾರಕ್ಕೆಲ್ಲಾ ನೀವಿ ಆಯ್ತು, ಗಂಡನ ಪಾಳಿ ಇವತ್ತು ಬಂತು ಕಣೋ,” ಎಂದು ಅಣ್ಣ ನಕ್ಕ.

ಎಣ್ಣೆ ತಂದುಕೊಟ್ಟೆ. ಅದುಮಬೇಡಿ ಅತ್ತಿಗೆ — ನಾಲಿಗೆಯವರೆಗೂ ಬಂತು. ಯಾಕೆ ಎಂದು ಕೇಳುತ್ತೀರಿ. ಕೇಳಿದರೆ... ಬಾಗಿಲಿಗೆ ಒರಗಿ ನಿಂತೆ. ನಿಮ್ಮ ಹೆಬ್ಬೆರಳು ಪಕ್ಕೆಯ ಕೆಳಗೆ ಇಳಿದದ್ದು, ಅಣ್ಣ “ಅಯ್ಯೋ” ಎಂದು ಮಗ್ಗುಲಾದದ್ದು, ಅವನ ತುಟಿ ಬಿಳಿಚಿದ್ದು — ಇವತ್ತಿಗೂ ನೋಡುತ್ತಲೇ ಇದ್ದೇನೆ. ಪ್ರತಿ ಸಲ ನೋಡಿದಾಗಲೂ ಬಾಯಿ ತೆರೆಯಲು ಸಮಯವಿತ್ತು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು.

ಆಮೇಲೆ ಹನ್ನೊಂದು ವರ್ಷ ನೀವು ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ಅಮ್ಮ ನಿಮ್ಮ ಕೈಯ ನೀರು ಕುಡಿಯಲಿಲ್ಲ. ನನ್ನ ಮದುವೆ ಆಯಿತು.

ಅಣ್ಣ ಹೇಗೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೆ ಆ ಉಳಿದ ದಿನಗಳು ನಿಮ್ಮಿಬ್ಬರವು — ನಾನು ತೆಗೆದುಕೊಳ್ಳುವಂಥವಲ್ಲ.

ಸೋಮವಾರ ಬರುತ್ತೇನೆ. ಈ ಕಾಗದವನ್ನು ಅಮ್ಮನೆದುರು, ನಿಮ್ಮ ಮಗಳೆದುರು ಗಟ್ಟಿಯಾಗಿ ಓದುತ್ತೇನೆ, ಅಂಗಳದಲ್ಲೇ ನಿಂತು. ನೀವು ಒಳಗೆ ಕರೆಯಬೇಕೆಂದಿಲ್ಲ.