ಅಂಟಿನ ಕಾರ್ಖಾನೆಯ ಮಕ್ಕಳು

ತನ್ನ ಹೊಲಿಗೆಯಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ನಮ್ಮ ಅತ್ತೆಗೆ ಮನೆಯವರು ಒಂದು ಕೆಲಸ ಹಚ್ಚಿದರು: ಅವಳ ಮುತ್ತಜ್ಜನ ಜೀವನಚರಿತ್ರೆ ಬರೆಯುವುದು. ಹತ್ತೊಂಬತ್ತನೇ ಶತಮಾನದಲ್ಲಿ ಅಂಟು ತಯಾರಿಸುವ ಕಾರ್ಖಾನೆ ನಡೆಸಿದವನು, ಅನಾಥ ಮಕ್ಕಳನ್ನು ತಂದು ಸಾಕಿದ ಪುಣ್ಯಾತ್ಮ ಎಂದು ನಾವೆಲ್ಲ ಕಣ್ಣು ಬಿಟ್ಟಾಗಿನಿಂದ ಕೇಳಿದ್ದೆವು. ಸಮುದಾಯ ಭವನದ ಗೋಡೆಗೆ ಅವನ ಹೆಸರಿನ ಕಲ್ಲು ಹಾಕಿಸಲು ದೊಡ್ಡಪ್ಪ ಓಡಾಡುತ್ತಿದ್ದರು.

ಅತ್ತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದಾಖಲೆ ಕಚೇರಿಯಲ್ಲಿ ಹುಳ ತಿಂದ ಪುಸ್ತಕಗಳನ್ನು ತಿರುವಿದಳು. ಮಕ್ಕಳು ಸಿಕ್ಕಿದರು, ಮರಣದ ಪುಟಗಳಲ್ಲಿ. ಏಳು ವರ್ಷ, ಎಂಟು ವರ್ಷ. ಎಲ್ಲರ ವಿಳಾಸವೂ ಕಾರ್ಖಾನೆಯೇ. ಕಾರಣ ಜ್ವರ, ಬರೆಸಿದವನು ಮುತ್ತಜ್ಜ.

ಅನುಮಾನ ಬಂದು ಅನಾಥಾಲಯದ ಕಡತವನ್ನೂ ತೆಗೆಸಿದಳು. ಒಂದೊಂದು ಸಾವಿನ ಬೆನ್ನಿಗೇ ಅವನ ಅರ್ಜಿ: ‘ಮತ್ತೊಂದು ಮಗುವನ್ನು ಕಳಿಸಿ. ಕಡಾಯಿಯೊಳಗೆ ಇಳಿದು ಕೆರೆಯಲು ಸಣ್ಣದಾದಷ್ಟೂ ಒಳ್ಳೆಯದು.’ ಎಲುಬು, ತೊಗಲು ಕುದಿಸಿದ ಕಡಾಯಿ ಆರುವ ಮೊದಲೇ ಮಕ್ಕಳನ್ನು ಇಳಿಸುತ್ತಾರೆ ಎಂದು ಅನಾಥಾಲಯದ ವೈದ್ಯ ಅಂಚಿನಲ್ಲಿ ಬರೆದಿದ್ದ. ಬರೆದು ಸುಮ್ಮನಾಗಿದ್ದ. ಅತ್ತೆ ಮಕ್ಕಳ ಹೆಸರುಗಳನ್ನೆಲ್ಲ ಬರೆದುಕೊಂಡು ಹೊರಗೆ ಬಂದಳು.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು: “ಅವನು ಸಾಕಿದ್ದಲ್ಲ ಅಣ್ಣಾ, ಬೇಯಿಸಿದ್ದು.”

ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅನ್ನದ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡರು. “ಉಣ್ಣೋ ಹೊತ್ತಲ್ಲಿ ಇದೆಲ್ಲ ಯಾಕಮ್ಮಾ? ಆಗಿನ ಕಾಲವೇ ಹಾಗಿತ್ತು.”

ಅವರ ಮಗ ಮಾತ್ರ ಕಿವಿ ನೆಟ್ಟಗೆ ಮಾಡಿದ. “ಅತ್ತೆ, ಆ ಕಾರ್ಖಾನೆ ಜಾಗ ಈಗ ಯಾರ ಹೆಸರಲ್ಲಿದೆ? ಅದೇನಾದ್ರೂ ಸಿಕ್ತಾ?”

“ಥೂ! ಹೆಣ ಕುಕ್ಕೋ ಹದ್ದಿಗೂ ನಿನಗಿಂತ ನಾಚಿಕೆ ಇರತ್ತೆ ಕಣೋ.” ಅತ್ತೆ ಎಂಜಲು ಕೈಯಲ್ಲೇ ಎದ್ದು ನಡೆದಳು.

ಕಲ್ಲು ಹಾಕಿಸಿದರು. ‘ಅನಾಥರ ತಂದೆ’ ಎಂದು ಕೆತ್ತಿಸಿದರು, ಫೋಟೋ ತೆಗೆಸಿಕೊಂಡರು. ಅತ್ತೆ ಅತ್ತ ಸುಳಿಯಲಿಲ್ಲ. ಅವಳು ಆ ಮಕ್ಕಳ ಸಂಬಂಧಿಕರನ್ನು ಹುಡುಕತೊಡಗಿದ್ದಳು. ವರ್ಷವಿಡೀ ಅಲೆದ ಮೇಲೆ ಒಬ್ಬ ಹುಡುಗಿಯ ಅಣ್ಣನ ವಂಶದವನು ಸಿಕ್ಕಿದ. ಸೈಕಲ್ ರಿಪೇರಿಯವನು. ಜೊತೆಗೆ ನಾನೂ ಹೋಗಿದ್ದೆ. ಅವನು ಸ್ಟೂಲು ಕೊಟ್ಟು ಕೂರಿಸಿದ, ಗ್ರೀಸಿನ ಕೈ ಒರೆಸುತ್ತ ಎಲ್ಲವನ್ನೂ ಕೇಳಿದ.

“ಇಷ್ಟು ದೂರ ಬಂದು ಇದನ್ನ ಯಾಕೆ ಹೇಳಿದ್ರಿ? ನಿಮ್ಮ ಮನಸ್ಸು ಹಗುರಾಗ್ಲಿ ಅಂತಾನಾ? ಎದ್ದು ನಡೀರಿ.”

ಬೀದಿಗೆ ಬಂದ ಮೇಲೆ ನಾನು ಸಿಡುಕಿದೆ. ಅತ್ತೆ ತಡೆದಳು. “ಅವನಿಗೆ ಏನೂ ಅನ್ಬೇಡ. ನಮ್ಮನ್ನ ಕೂರಿಸಿದ್ದೇ ಹೆಚ್ಚು.”