ಎಮ್ಮೆ ಮೊಟ್ಟೆ ಇಟ್ಟ ಸುದ್ದಿ

ನನ್ನ ಹೊಟ್ಟೆಯಲ್ಲಿ ಅನ್ನ ಅರಗುತ್ತದೆ, ಸುದ್ದಿ ಅರಗುವುದಿಲ್ಲ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ, ಅವರು ಹೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಬೆಳಿಗ್ಗೆ ನಲ್ಲಿಯ ಹತ್ತಿರ ಒಂದು ಸುದ್ದಿ ಕಿವಿಗೆ ಬಿದ್ದರೆ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಅದು ಗಂಟಲವರೆಗೆ ಬಂದಿರುತ್ತದೆ. ಆಮೇಲೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಯಾರಿಗಾದರೂ ಹೇಳಬೇಕು. ಯಾರಿಗಾದರೂ ಅಂದರೆ ಮಕ್ಕಳಿಗೆ.

ಮಕ್ಕಳು ಇಬ್ಬರು, ಇಬ್ಬರೂ ದೂರ. ಮಗ ಶರಣ ಸೂರತ್ತಿನಲ್ಲಿ ನೇಯ್ಗೆ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಮಗಳು ಗಿರಿಜಾ ಜೈಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ನಾವು ಇರುವುದು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ. ನಾನು ಪ್ರಾಥಮಿಕ ಶಾಲೆಯ ಟೀಚರಾಗಿ ರಿಟೈರಾದವಳು, ಮನೆಯವರದು ಪೈಪು ಮತ್ತು ಮೋಟಾರಿನ ಅಂಗಡಿ. ಒಂದು ಎಮ್ಮೆಯೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಪ್ರತಿ ಭಾನುವಾರ ಮಕ್ಕಳಿಗೆ ಫೋನಿನಲ್ಲಿ ಹೇಳುವ ನನ್ನ ಸುದ್ದಿಗೆ ಬಸ್ಸಿನ ಹಾಗೆ ಒಂದು ರೂಟು ಇದೆ. ಹೊಸಹಳ್ಳಿಯಲ್ಲಿ ಹೊರಟರೆ ಮೊದಲ ನಿಲ್ದಾಣ ಕೂಡ್ಲಿಗಿ, ಅಲ್ಲಿ ನನ್ನ ಮೈದುನನ ಮನೆ. ಅಲ್ಲಿಂದ ಮುಂದೆ ಕೊಟ್ಟೂರು, ಅಲ್ಲಿ ನಮ್ಮವರು ಯಾರೂ ಇಲ್ಲ, ಆದರೂ ಬಸ್‌ಸ್ಟ್ಯಾಂಡಿನಲ್ಲಿ ಕಂಡವರ ಸುದ್ದಿ ಇದ್ದೇ ಇರುತ್ತದೆ. ಹಗರಿಬೊಮ್ಮನಹಳ್ಳಿ ದಾಟುವಾಗ ನನ್ನ ತವರು ಕೋಗಳಿ ಬರುತ್ತದೆ, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಡಗಲಿಯಲ್ಲಿ ಅಕ್ಕ, ಅವಳ ಮೊಣಕಾಲು, ಈ ಸಲದ ಮಲ್ಲಿಗೆ. ಕೊನೆಯ ನಿಲ್ದಾಣ ಹರಪನಹಳ್ಳಿ. ಅಲ್ಲಿ ಕೊಟ್ಟ ನಾದಿನಿ ಈಗೀಗ ದಾವಣಗೆರೆಯವರ ಹಾಗೆ ಮಾತಾಡಲು ಶುರುಮಾಡಿದ್ದಾಳೆ ಎಂಬುದು ಪ್ರತಿ ವಾರದ ಸುದ್ದಿ. ಯಾವ ಊರನ್ನಾದರೂ ಬಿಟ್ಟು ಮುಂದೆ ಹೋದರೆ ನನಗೆ ಏನೋ ಮರೆತು ಬಂದ ಹಾಗೆ ಕಾಲು ಹಿಂದಕ್ಕೆ ಎಳೆಯುತ್ತದೆ. ನಮ್ಮ ಮನೆಯವರಿಗೆ ಈ ತಾಪತ್ರಯ ಇಲ್ಲ. ಫೋನು ಕೈಗೆ ಕೊಟ್ಟರೆ, "ಆರಾಮ ಅದೀವಿ. ಮಳಿ ಇಲ್ಲ. ಇಡು" ಅನ್ನುತ್ತಾರೆ. ಮೂರು ಮಾತಿನಲ್ಲಿ ಐದು ಊರು ಮುಗಿಯಿತು.

ನಮ್ಮ ಸೀಮೆಯವರು ವಿಷಯಕ್ಕೆ ನೇರವಾಗಿ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮನೆಗೆ ಬಂದವರು ಚಹಾ ಕುಡಿಯುತ್ತಾರೆ, ಮಂಡಕ್ಕಿ ತಿನ್ನುತ್ತಾರೆ, ಬಿಸಿಲನ್ನು ಬಯ್ಯುತ್ತಾರೆ, ಯಾರ ಬೋರಿನಲ್ಲಿ ಎಷ್ಟು ನೀರು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ "ಬರ್ತೀವ್ರಿ" ಅಂತ ಎದ್ದು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಹೊಸ್ತಿಲ ಬಳಿ ನಿಂತು, "ಅಂದಂಗ..." ಅನ್ನುತ್ತಾರೆ. ಬಂದ ಕಾರಣ ಅಲ್ಲಿಂದ ಶುರು. ಇದು ಇಂದಿನ ಚಾಳಿಯಲ್ಲ. ಶಾಲೆಯ ಮಕ್ಕಳನ್ನು ಕೋಗಳಿಯ ಬಸದಿಗೆ ಕರೆದುಕೊಂಡು ಹೋದಾಗಲೆಲ್ಲ ಶಾಸನ ಅಂದರೇನು ಎಂದು ವಿವರಿಸುತ್ತಿದ್ದೆ. ಹಳೆಯ ಶಾಸನಗಳಲ್ಲಿ ಮೊದಲು ರಾಜನ ಬಿರುದುಗಳು, ಅವನ ತಾತಂದಿರ ಪರಾಕ್ರಮ, ಊರಿನ ವರ್ಣನೆ. ಯಾರಿಗೆ ಎಷ್ಟು ಭೂಮಿ ಬಿಟ್ಟರು ಎಂಬ ಮಾತು ಬರುವ ಹೊತ್ತಿಗೆ ಕಲ್ಲೇ ಮುಗಿಯುತ್ತ ಬಂದಿರುತ್ತದೆ. ಅದನ್ನು ಬರೆಸಿದವರೂ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬರೆಸಿರಬೇಕು.

ಫೋನಿನಲ್ಲಿ ನನ್ನ ಹೊಸ್ತಿಲು "ಮತ್ತೇನಿಲ್ಲ, ಇಡ್ಲೇನು?" ಅನ್ನುವ ಮಾತು. ಅದಾದ ಮೇಲೆ ಬರುವುದೇ ನಿಜವಾದ ಸುದ್ದಿ. "ಅಂದಂಗ, ಹಡಗಲಿ ದೊಡ್ಡಮ್ಮ ಒಂದು ಹುಡುಗನ್ನ ನೋಡ್ಯಾಳ." ಗಿರಿಜಾಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ನಾನು "ಮತ್ತೇನಿಲ್ಲ" ಅಂದ ಕೂಡಲೇ "ಹುಡುಗ ಏನ್ ಕೆಲಸ ಮಾಡ್ತಾನವ್ವ?" ಅಂತ ನಗುತ್ತಾಳೆ. ನಗುತ್ತಿದ್ದಳು.

ಹೋದ ತಿಂಗಳಿಂದ ಅವಳ ಹೂಂ ಕೆಟ್ಟಿತು.

ಹೂಂ ಅನ್ನುವುದನ್ನು ನಾನು ಸುಮ್ಮನೆ ತೆಗೆದುಕೊಳ್ಳುವವಳಲ್ಲ. ಕೋಗಳಿಯಲ್ಲಿ ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟಲು ಒಬ್ಬರು ಬೇಕೇ ಬೇಕಿತ್ತು. ಹೂಂ ನಿಂತರೆ ಕತೆಯೂ ನಿಂತಿತು, ರಾಜಕುಮಾರ ಕುದುರೆ ಹಿಡಿದುಕೊಂಡು ಮರುದಿನದವರೆಗೆ ಕಾಡಿನಲ್ಲೇ ನಿಂತಿರಬೇಕು. ನನಗೆ ಆ ಕೆಲಸ ಕೊಟ್ಟರೆ ಕತೆ ಕೆಟ್ಟಿತು. ಎರಡು ಸಲ ಹೂಂ ಅಂದು ಮೂರನೆಯದಕ್ಕೆ, "ಆಮ್ಯಾಲ ಹುಲಿ ಬಂತೇನು?" ಅಂತ ನಾನೇ ಕತೆಯನ್ನು ಮುಂದಕ್ಕೆ ಓಡಿಸುತ್ತಿದ್ದೆ. "ನೀ ಹೇಳ್ತಿಯೇನು, ನಾ ಹೇಳ್ಲೇನು?" ಅಂತ ಅಜ್ಜಿ ನನ್ನನ್ನು ಎಬ್ಬಿಸಿ ತಮ್ಮನನ್ನು ಕೂರಿಸುತ್ತಿದ್ದಳು.

ಶರಣನ ಹೂಂ ಒಂದೇ ಬಗೆಯದು, ಯಂತ್ರದ ಸದ್ದಿನ ನಡುವೆ ಅದನ್ನು ಹುಡುಕಿಕೊಳ್ಳಬೇಕು. ಆದರೆ ಗಿರಿಜಾಳ ಹೂಂಗಳಲ್ಲಿ ಜೀವ ಇರುತ್ತಿತ್ತು. "ಹೂಂ?" ಅಂದರೆ ಬೇಗ ಮುಂದೆ ಹೇಳು ಅಂತ. "ಹೂಂಹೂಂ" ಅಂದರೆ ಇದು ಹಳೇ ಸುದ್ದಿ, ಚಿಕ್ಕಪ್ಪನ ಸ್ಟೇಟಸ್ಸಿನಲ್ಲಿ ನೋಡಿದೆ ಅಂತ. ಎಳೆದು "ಹೂಂಊಂ" ಅಂದರೆ ನೀನು ಉಪ್ಪು ಖಾರ ಹಚ್ಚುತ್ತಿದ್ದೀ ಅಂತ. ಈಗ ಬರುತ್ತಿದ್ದ ಹೂಂ ಇವು ಯಾವುವೂ ಅಲ್ಲ. ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಇಲ್ಲ, ಹಾಗಿತ್ತು ಅದು.

ಕೇಳಿದರೆ "ಏನಿಲ್ಲವ್ವ, ಡ್ಯೂಟಿ ಜಾಸ್ತಿ" ಅಂದಳು. ನನಗೆ ಸಮಾಧಾನವಾಗಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ನೋಡೋಣ ಅಂತ ಒಂದು ಭಾನುವಾರ ಸುದ್ದಿಯ ನಡುವೆ ಒಂದು ಸುಳ್ಳು ಸೇರಿಸಿದೆ. "ನಿಮ್ಮಪ್ಪ ಮಿರ್ಚಿ ಮಂಡಕ್ಕಿ ಬಿಟ್ಟಾರ." ಸಂಜೆಯ ಮಿರ್ಚಿ ಮಂಡಕ್ಕಿ ಬಿಡುವುದಕ್ಕಿಂತ ಅಂಗಡಿ ಬಿಡುವುದು ಸುಲಭ ಅನ್ನುವ ಮನುಷ್ಯ ಅವರು.

"ಹೂಂ" ಅಂದಳು.

ಮುಂದಿನ ವಾರ ಇನ್ನೂ ದೊಡ್ಡದನ್ನೇ ಬಿಟ್ಟೆ. ಹರಪನಹಳ್ಳಿ ಮುಗಿಸಿ, ಅದೇ ದನಿಯಲ್ಲಿ, "ನಮ್ಮ ಎಮ್ಮಿ ನಿನ್ನೆ ಮೊಟ್ಟಿ ಇಟ್ಟೈತಿ" ಅಂದೆ.

"ಹೂಂ. ಇಡ್ಲೇನವ್ವ?"

ಇಟ್ಟೇಬಿಟ್ಟಳು. ಆವತ್ತಿನಿಂದ ನನಗೆ ನೆಲೆಯಿಲ್ಲ. ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಹಾಲು ಒಲೆಯ ಮೇಲಿಟ್ಟು ಹಿತ್ತಲಿಗೆ ಹೋದೆ, ಅದು ಉಕ್ಕಿ ಒಲೆ ಆರಿತು. ಯಾರನ್ನಾದರೂ ಮೆಚ್ಚಿಕೊಂಡಿದ್ದಾಳೋ, ಯಾರಾದರೂ ಬೈದರೋ, ಮೈಯಲ್ಲಿ ಸರಿಯಿಲ್ಲವೋ. ತಾಯಿಯ ತಲೆ ಒಂದು ಸಲ ಓಡಲು ಶುರುವಾದರೆ ಅದಕ್ಕೆ ಯಾವ ನಿಲ್ದಾಣವೂ ಇಲ್ಲ. ಶರಣನಿಗೆ ಫೋನು ಮಾಡಿದರೆ, "ನೀ ಸುಮ್ನ ಏನೇನರ ಕಲ್ಪನಾ ಮಾಡ್ಕೋಬ್ಯಾಡ" ಅಂದ. ಕಲ್ಪನೆ ಮಾಡಿಕೊಳ್ಳಬೇಡ ಅಂದರೆ ನಿಂತುಬಿಡುವ ಹಾಗಿದ್ದರೆ ನಾನು ತಾಯಿಯೇ ಅಲ್ಲ.

ಗುರುವಾರ ಪಕ್ಕದ ಮನೆಯ ಜೈನಬಿ ಹುಣಸೆಹಣ್ಣಿನ ಬೀಜ ಬಿಡಿಸಲು ಬಂದು ಕೂತಳು. ಅವಳ ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ನಾನು ಅವಳ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿದೆ. ಅವಳು ಎಲ್ಲವನ್ನೂ ಕೇಳಿ ನಕ್ಕಳು.

"ಅಕ್ಕಾ, ನೀವು ಫೋನ್ ಮಾಡಿದ್ರ ಗೋಡಿ ಆಚಿ ಕಡಿಂದ ನಾನೂ ಕೇಳ್ತೀನಿ. ಕೂಡ್ಲಿಗಿ ಬಿಟ್ರ ಹರಪನಹಳ್ಳಿತನಕ ನೀವು ಬಸ್ ನಿಲ್ಸಂಗಿಲ್ಲ. ಆ ಹುಡುಗಿ ಎಲ್ಲಿ ಹತ್ತಬೇಕ್ರಿ?"

ನನಗೆ ಸಿಟ್ಟು ಬಂತು. ಇಷ್ಟು ದಿನ ನನ್ನ ಸುದ್ದಿಯನ್ನು ಬಿಟ್ಟಿ ಕೇಳಿ ಈಗ ನನಗೇ ಬುದ್ಧಿ ಹೇಳುತ್ತಾಳಲ್ಲ ಅಂತ. ಸಿಟ್ಟನ್ನು ಹುಣಸೆ ಬೀಜದ ಮೇಲೆ ತೀರಿಸಿಕೊಂಡೆ. ಜೈನಬಿ ಅಡುಗೆಗೆ ಹೊತ್ತಾಯಿತು ಅಂತ ಎದ್ದು ಹೋದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತು. ಗಿರಿಜಾ! ಭಾನುವಾರವಲ್ಲದ ದಿನ, ಮಟಮಟ ಮಧ್ಯಾಹ್ನ, ಅವಳಾಗಿಯೇ. ನನ್ನ ಎರಡೂ ಕೈ ಅಂಟು. ಹೇಗೋ ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದೆ.

"ಏನ್ ಮಾಡಾಕತ್ತೀಯವ್ವ?"

"ಹುಣಸಿಹಣ್ಣು ಬಿಡಸಾಕತ್ತೀನಿ."

ಇನ್ನೇನು ಬಸ್ಸು ಹೊರಡಬೇಕು. ಮೈದುನನ ಮನೆಯ ಹೊಸ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ಜೈನಬಿಯ ಮಾತು ನೆನಪಾಯಿತು. ಒಂದು ದೊಡ್ಡ ಹುಣಸೆ ತೊಳೆಯನ್ನು ಬಾಯಿಗೆ ಹಾಕಿಕೊಂಡೆ. ಬಾಯಿ ತನ್ನಷ್ಟಕ್ಕೆ ಮುಚ್ಚಿತು.

ಗಿರಿಜಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಲ್ಲಗೆ, "ಇಲ್ಲಿ ಮೊಸರಿಗೆ ಸಕ್ಕರಿ ಹಾಕ್ಕೊಂಡು ತಿಂತಾರವ್ವ" ಅಂದಳು.

"ಹೂಂ" ಅಂದೆ.

ಅವಳ ರೂಮಿನ ಹುಡುಗಿ ದಪ್ಪ ರೊಟ್ಟಿ ಮಾಡುತ್ತಾಳಂತೆ. ಹೂಂ. ನಾನು ಕಳಿಸಿದ ಅಗಸೆ ಚಟ್ನಿಪುಡಿ ಮುಗಿದು ಎಷ್ಟೋ ದಿನವಾಯಿತಂತೆ. ಅದನ್ನು ನನಗೆ ಹೇಳಬಾರದೇ ಎಂದು ಕೂಗಬೇಕೆನಿಸಿತು. ಇನ್ನೊಂದು ತೊಳೆ ಬಾಯಿಗೆ ಹೋಯಿತು. ಹೂಂ. ಎದುರು ಮನೆಯವರ ಗಿಳಿ, ನೀರಿನ ಟ್ಯಾಂಕರು, ಧೂಳು. ಅರೇ, ಇದು ನನ್ನದೇ ರೂಟು. ಊರುಗಳು ಬೇರೆ, ಅಷ್ಟೆ.

"ಮತ್ತೇನಿಲ್ಲವ್ವ. ಇಡ್ಲೇನು?"

ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ ಎಂದು ಗೊತ್ತಾಯಿತು. ಹೂಂ ಅಂದರೆ ಇಟ್ಟುಬಿಡುತ್ತಾಳೆ, ಏನಾಯಿತು ಹೇಳು ಅಂದರೆ ಹೆದರುತ್ತಾಳೆ. ಜೀವಮಾನದಲ್ಲಿ ಮೊದಲ ಸಲ ನಾನು ಏನೂ ಅನ್ನಲಿಲ್ಲ.

"ಅಂದಂಗ, ಅವ್ವಾ... ನನ್ನ ಕಡಿಂದ ಒಂದು ತಪ್ಪಾಗೈತಿ."

ವಾರ್ಡಿನಲ್ಲಿ ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯ ಅಜ್ಜಿಗೆ ಕೊಟ್ಟಿದ್ದಾಳೆ. ಗೊತ್ತಾದ ಕೂಡಲೇ ತಾನೇ ಓಡಿಹೋಗಿ ಡಾಕ್ಟರಿಗೆ ಹೇಳಿದ್ದಾಳೆ. "ಆ ಅಜ್ಜಿ ಆರಾಮಾಗಿ ಮನಿಗೆ ಹೋಗ್ಯಾಳವ್ವ. ಹೋಗೋವಾಗ ನನ್ನ ತಲಿ ಮ್ಯಾಲ ಕೈ ಇಟ್ಟು ಹೋದ್ಲು. ಆದ್ರ ವಿಚಾರಣಿ ನಡದೈತಿ. ಬರೋ ಬುಧವಾರ ಹೇಳ್ತಾರ. ಕೆಲಸ ಉಳಿದ್ರ ಉಳೀತು, ಹೋದ್ರ ಹೋತು."

ನನಗೆ ಅಳು ಬಂತು. ಒಬ್ಬಳೇ ಇಷ್ಟನ್ನು ಹೊತ್ತುಕೊಂಡು ತಿರುಗಿದಳಲ್ಲ ಅಂತ ಸಿಟ್ಟೂ ಬಂತು. ಈಗಲೇ ರೈಲು ಹತ್ತಬೇಕು, ಆ ಆಸ್ಪತ್ರೆಯ ದೊಡ್ಡ ಡಾಕ್ಟರ ಮುಂದೆ ನಿಂತು ನನ್ನ ಮಗಳು ಎಂಥವಳೆಂದು ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಮಾತ್ರ "ಹೂಂ". ಅದು ಹೇಗೆ ಕೇಳಿಸಿತೋ, ಅವಳು ಬಿಕ್ಕಿದಳು. ಬಿಕ್ಕುತ್ತಲೇ ಅಂದಳು:

"ಎಮ್ಮಿ ಮೊಟ್ಟಿ ಇಟ್ಟಿದ್ದು ನನಗ ಕೇಳಿಸಿತ್ತವ್ವ. ನಕ್ಕಿದ್ರ ಅಳು ಬಂದುಬಿಡ್ತಿತ್ತು. ಅದಕ್ಕ ಹೂಂ ಅಂದೆ."

ನಾನು ಕಣ್ಣೊರೆಸಿಕೊಂಡೆ. ಹುಣಸೆ ಕೈ. ಆಮೇಲೆ ಬಂದ ನೀರಿಗೆ ದುಃಖ ಎಷ್ಟು ಕಾರಣ, ಹುಣಸೆ ಎಷ್ಟು ಕಾರಣ, ಹೇಳಲಾರೆ.

"ಉಂಡೇನು?" ಅಂದೆ.

"ಈಗ ಉಣ್ತೀನಿ" ಅಂದಳು.

ಸಂಜೆ ಜೈನಬಿ ಗೋಡೆಯಾಚೆಯಿಂದಲೇ ಕೂಗಿದಳು. "ಏನಂತಾಳ್ರಿ ಅಕ್ಕಾ, ಗಿರಿಜಾ?"

"ಅಲ್ಲಿ ಮೊಸರಿಗೆ ಸಕ್ಕರಿ ಹಾಕ್ಕೊಂಡು ತಿಂತಾರಂತ" ಅಂದೆ. ಜೈನಬಿಯೂ ಮುಂದೆ ಕೇಳಲಿಲ್ಲ. ಮನೆಯವರಿಗೆ ಮಾತ್ರ ಹೇಳಿದೆ. ಅವರು ಮಂಡಕ್ಕಿಯ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು ಅಂಗಳದಲ್ಲಿ ನಿಂತರು. ನಾನು ಹೇಳಿದ ಸುಳ್ಳು ಒಂದು ಸಂಜೆಯ ಮಟ್ಟಿಗೆ ನಿಜವಾಯಿತು. ಅಷ್ಟು ಬಿಟ್ಟರೆ ಈ ಸುದ್ದಿ ನನ್ನ ಹೊಟ್ಟೆಯಲ್ಲೇ ಇತ್ತು. ಮೈದುನನಿಗಿಲ್ಲ, ಅಕ್ಕನಿಗಿಲ್ಲ, ನಾದಿನಿಗಂತೂ ಇಲ್ಲವೇ ಇಲ್ಲ. ಈಗ ಬರೆಯುತ್ತಿರುವುದೂ ಗಿರಿಜಾಳನ್ನು ಕೇಳಿಯೇ. "ಬರಿಯವ್ವ, ಎಮ್ಮಿ ಹೆಸರು ಮಾತ್ರ ಹಾಕಬ್ಯಾಡ, ಅದಕ್ಕ ಮುಜುಗರ ಆಗ್ತೈತಿ" ಅಂದಳು.

ನಿನ್ನೆ ಭಾನುವಾರ. ಬಸ್ಸು ಹೊರಟಿತು, ಆದರೆ ಊರೂರಿಗೂ ನಿಲ್ಲಿಸಿದೆ. ನಡುವೆ ಸುಮ್ಮನಿರುವುದು ನನಗೆ ಇನ್ನೂ ಬರುವುದಿಲ್ಲ. ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡು ಕಾಯುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಅವಳು ಹತ್ತಿದಳು, ಗಿಳಿಯ ಸುದ್ದಿ ಹೇಳಿದಳು. ಹರಪನಹಳ್ಳಿ ಮುಗಿಯಿತು. ಬುಧವಾರದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಮತ್ತೇನಿಲ್ಲ, ಇಡ್ಲೇನು?" ಅಂದೆ.

"ಅಂದಂಗ," ಅಂದಳು ಗಿರಿಜಾ, "ಆ ಮೊಟ್ಟಿ ಏನಾತವ್ವ?"

"ಎಮ್ಮಿ ಕಾವಿಗೆ ಕುಂತೈತಿ. ಬುಧವಾರತನಕ ತಡಿ. ಒಡದು ಏನರ ಹೊರಗ ಬರ್ಲಿ, ಸಾಕಾಕ ನಾವದೀವಿ."

ಆ ಕಡೆಯಿಂದ, ಎಳೆದು, ನಗುವಿನ ಜೊತೆ, "ಹೂಂಊಂ."

ಇವತ್ತು ಸೋಮವಾರ. ಬುಧವಾರ ಬೇಗ ಬರುವ ಹಾಗೆ ಕಾಣುವುದಿಲ್ಲ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದಿದ್ದೇನೆ. ಈಗಷ್ಟೇ ಕೊಟ್ಟಿಗೆಗೂ ಹೋಗಿ ಬಂದೆ. ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಗ್ಗಿ ಅದರ ಹೊಟ್ಟೆಯ ಕೆಳಗೆ ಒಮ್ಮೆ ನೋಡಿದೆ.