ಚೆನ್ನಾಗೇ ಇದೆ ಬಿಡು

ಅಮೆರಿಕದ ಮೆಕ್ಕೆಜೋಳದ ನಾಡು ಅಯೋವದಲ್ಲಿ ಹುಟ್ಟಿ ಅದರ ತೆನೆಯನ್ನು ಚಾಕುವಿನಿಂದ ಕೆರೆದು ತಿನ್ನುವುದೆಂದರೆ ಊರಿಗೇ ಅವಮಾನ. ಆದರೂ ಆರ್ಲಿಸ್ ಎರಡು ಬೇಸಿಗೆಯಿಂದ ಹಾಗೇ ತಿನ್ನುತ್ತಿದ್ದಳು. ತೆನೆ ಕಚ್ಚಿದರೆ ಹಲ್ಲಿನ ಸಂದಿಗೆಲ್ಲ ಸಿಪ್ಪೆ. ದಾರ ಹಾಕಿ ತೆಗೆಯೋಣವೆಂದರೆ ಸಂಧಿವಾತದ ಬೆರಳು ಮಡಚುತ್ತಿರಲಿಲ್ಲ.

ಹಲ್ಲಿನ ಡಾಕ್ಟರು ಸಂದಿಗೆ ನೀರು ಚಿಮ್ಮಿಸಿ ತೊಳೆಯುವ ಯಂತ್ರ ಕೊಳ್ಳಲು ಹೇಳಿದರು. ಅಂಗಡಿಯಲ್ಲಿದ್ದ ಎರಡು ಬಗೆಯಲ್ಲಿ ಗಂಡ ವರ್ಲಿನ್ ವೈರ್ ಇಲ್ಲದ, ಹಿಡಿಯಲ್ಲೇ ನೀರು ತುಂಬುವ ಚಿಕ್ಕದನ್ನೇ ಎತ್ತಿಕೊಂಡ.

"ಇದು ಜಾಗ ತಿನ್ನಲ್ಲ ನೋಡು. ಆ ದೊಡ್ಡದು ಸಿಂಕ್ ಪಕ್ಕ ನೆಂಟರ ಥರ ಠಿಕಾಣಿ ಹೂಡುತ್ತೆ."

"ಚೆನ್ನಾಗೇ ಇದೆ ಬಿಡು," ಎಂದಳು ಆರ್ಲಿಸ್.

ಆ ಸೀಮೆಯಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥ. ನಲವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಅದು ಹೊಳೆಯಲಿಲ್ಲ. ಮನೆಗೆ ಬಂದು ನೀರು ತುಂಬಿದ ಮೇಲೆ ಯಂತ್ರದ ಭಾರವನ್ನು ಅವಳ ಬೆರಳು ತಾಳಲಿಲ್ಲ. ಅದು ಜಾರಿ ಸಿಂಕಿಗೆ ಬಿತ್ತು.

"ಭಾರ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತೇ?"

"ನೀನು ಅಷ್ಟು ಖುಷಿಯಾಗಿದ್ದೆ."

ಮರುದಿನ ವರ್ಲಿನ್ ಅದನ್ನು ಅಂಗಡಿಗೆ ವಾಪಸ್ ಕೊಟ್ಟು ದೊಡ್ಡದನ್ನೇ ತಂದ. ನೀರೆಲ್ಲ ಅದರ ಬುಡದ ತೊಟ್ಟಿಯಲ್ಲಿ, ಕೈಯಲ್ಲಿ ಹಿಡಿಯುವುದು ಪೆನ್ನಿನಷ್ಟು ಹಗುರ. ಜಾಗಕ್ಕಾಗಿ ತನ್ನ ಕ್ಷೌರದ ಸಾಮಾನನ್ನು ಗ್ಯಾರೇಜಿಗೆ ಸಾಗಿಸಿದ.

ಭಾನುವಾರ ಊಟದಲ್ಲಿ ಆರ್ಲಿಸ್ ತೆನೆಯನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ಬೆಣ್ಣೆ ಮೊಣಕೈವರೆಗೂ ಇಳಿಯಿತು.

"ಹೇಗಿದೆ?" ಎಂದು ವರ್ಲಿನ್ ಅಂಜುತ್ತಲೇ ಕೇಳಿದ.

"ಇನ್ನೊಂದು ಕೊಡು."